ಟ್ಯೂಬ್‌ಲೆಸ್ ಸೈಕಲ್ ಟೈರಿಗೆ ಯಾವ ಸೀಲಂಟ್? ಬಳಸಿದವರ ಅನುಭವ

ಪ್ರಶ್ನೆ: ನನ್ನ ಬಳಿ ಎರಡು ಸೈಕಲ್‌ಗಳಿವೆ. ಒಂದಕ್ಕೆ 28 ಮಿ.ಮೀ. ರೋಡ್ ಟೈರ್, ಇನ್ನೊಂದಕ್ಕೆ 40 ಮಿ.ಮೀ. ಗ್ರಾವೆಲ್ (ಜಲ್ಲಿ-ಮಣ್ಣಿನ ದಾರಿಯ) ಟೈರ್, ಎರಡೂ ಟ್ಯೂಬ್‌ಲೆಸ್, ಅಂದರೆ ಒಳಗೆ ಟ್ಯೂಬ್ ಇಲ್ಲದೆ, ತೂತು ಮುಚ್ಚುವ ಸೀಲಂಟ್ ದ್ರವ ಹಾಕಿದಂಥವು. ಗ್ರಾವೆಲ್ ಟೈರಿಗೆ ಮುಳ್ಳು ಚುಚ್ಚಿದ್ದು ಮನೆಗೆ ಬಂದ ಮೇಲೆಯೇ ತಿಳಿಯುತ್ತದೆ. ರೋಡ್ ಟೈರಿನಲ್ಲಿ ಮಾತ್ರ ಅದೇ ಸೀಲಂಟ್ ಸಣ್ಣ ತೂತನ್ನೂ ಮುಚ್ಚದೆ ಹೊರಕ್ಕೆ ಚಿಮ್ಮುತ್ತದೆ. ಎರಡಕ್ಕೂ ಒಗ್ಗುವಂಥದ್ದು ಇದೆಯೇ, ಅಥವಾ ಬೇರೆ ಬೇರೆ ಕೊಳ್ಳಬೇಕೇ? ಬಳಸಿದವರು ದಯವಿಟ್ಟು ತಿಳಿಸಿ.

ಉತ್ತರ 1: ತಪ್ಪು ಸೀಲಂಟಿನದ್ದೇ ಎಂದು ತೀರ್ಮಾನಿಸುವ ಮುನ್ನ ಗಾಳಿಯ ಒತ್ತಡವನ್ನು ಗಮನಿಸಿ. ನಾನೂ ಎರಡು ವರ್ಷ ಡಬ್ಬಿ ಬದಲಿಸುತ್ತಲೇ ಇದ್ದೆ. ಬದಲಿಸಬೇಕಾಗಿದ್ದದ್ದು ಪಂಪಿನ ಮುಳ್ಳು ತೋರಿಸುತ್ತಿದ್ದ ಅಂಕಿಯನ್ನು.

ಸೀಲಂಟ್ ಎಂದರೆ ಹೆಚ್ಚಿನವುಗಳಲ್ಲಿ ನೀರಿನಂತಹ ದ್ರವದಲ್ಲಿ ತೇಲುವ ಲೇಟೆಕ್ಸ್, ಅಂದರೆ ರಬ್ಬರ್ ಹಾಲು. ಅದು ಡಬ್ಬಿಯಲ್ಲೇ ಹೆಪ್ಪುಗಟ್ಟದಂತೆ ಹಲವರು ಅಮೋನಿಯಾವನ್ನೂ, ಬೇಗ ಒಣಗದಂತೆ ಗ್ಲೈಕಾಲನ್ನೂ, ತೂತಿಗೆ ಅಡ್ಡ ನಿಲ್ಲಲು ಸಣ್ಣ ಹರಳು ಅಥವಾ ನಾರನ್ನೂ ಬೆರೆಸುತ್ತಾರೆ. ಹೊರನುಗ್ಗುವ ಗಾಳಿ ಈ ದ್ರವವನ್ನು ತೂತಿನೊಳಕ್ಕೆ ಎಳೆದೊಯ್ಯುತ್ತದೆ, ಹರಳುಗಳು ಅಲ್ಲಿ ಸಿಕ್ಕಿಕೊಳ್ಳುತ್ತವೆ, ಅವುಗಳ ಸುತ್ತ ರಬ್ಬರ್ ಹಾಲು ಒಡೆದು ಗಟ್ಟಿಯಾಗುತ್ತದೆ. ನಿಮ್ಮ ಗ್ರಾವೆಲ್ ಟೈರಿನಲ್ಲಿ ಒತ್ತಡ 35 ಪಿ.ಎಸ್.ಐ. ಆಸುಪಾಸಿನಲ್ಲಿದ್ದರೆ ಈ ಕೆಲಸಕ್ಕೆ ಸಾಕಷ್ಟು ಸಮಯ ಸಿಗುತ್ತದೆ. ಅದರ ಎರಡರಷ್ಟು ಒತ್ತಡ ತುಂಬಿದ ರೋಡ್ ಟೈರಿನಲ್ಲಿ ಹೆಪ್ಪು ಗಟ್ಟಿಯಾಗುವ ಮೊದಲೇ ಕಿತ್ತುಹೋಗುತ್ತದೆ. ಆದ್ದರಿಂದ ಸೀಲಂಟ್ ಚಿಮ್ಮಲು ಶುರುವಾದ ಕೂಡಲೇ ಇಳಿದು, ತೂತು ಕೆಳಗೆ ಬರುವಂತೆ ಚಕ್ರವನ್ನು ತಿರುಗಿಸಿ, ಒತ್ತಡ ತಾನಾಗಿಯೇ ಇಳಿದು ನೊರೆ ನಿಲ್ಲುವವರೆಗೆ ಕಾಯಿರಿ. ಮತ್ತೆ ಗಾಳಿ ತುಂಬುವಾಗ ಮೊದಲಿನಷ್ಟು ತುಂಬಬೇಡಿ. ರಿಮ್ ಹುಕ್‌ಲೆಸ್ (ಟೈರಿನ ಅಂಚನ್ನು ಹಿಡಿಯುವ ಕೊಕ್ಕೆಯಿಲ್ಲದ್ದು) ಆಗಿದ್ದರಂತೂ 5 ಬಾರ್, ಅಂದರೆ ಸುಮಾರು 72 ಪಿ.ಎಸ್.ಐ. ಮೀರುವಂತೆಯೇ ಇಲ್ಲ.

ಇನ್ನು ಆಯ್ಕೆಯ ಮಾತು. ದೊಡ್ಡ ತೂತನ್ನು ಬೇಗ ಮುಚ್ಚುವ ಗುಣ ಮತ್ತು ಬಹುಕಾಲ ದ್ರವವಾಗಿಯೇ ಉಳಿಯುವ ಗುಣ ಒಂದೇ ಡಬ್ಬಿಯಲ್ಲಿ ಪೂರ್ತಿಯಾಗಿ ಸಿಗುವುದಿಲ್ಲ, ಏಕೆಂದರೆ ಬೇಗ ಹೆಪ್ಪುಗಟ್ಟುವಂಥದ್ದು ಸಾಮಾನ್ಯವಾಗಿ ಟೈರಿನೊಳಗೂ ಬೇಗ ಮುಗಿಯುತ್ತದೆ. ತಯಾರಕರು ಎರಡು ಬಗೆ ಮಾಡುವುದು ಅದಕ್ಕೇ. ಸ್ಟ್ಯಾನ್ಸ್ ಕಂಪನಿಯ ರೇಸ್ ಸೀಲಂಟಿನಲ್ಲಿ ಹರಳುಗಳು ದಪ್ಪ ಮತ್ತು ಹೆಚ್ಚು. ಅದನ್ನು ವಾಲ್ವ್ ಮೂಲಕ ಹಾಕದೆ ನೇರವಾಗಿ ಟೈರಿನೊಳಕ್ಕೆ ಸುರಿಯಬೇಕು. ಆರೆಂಜ್ ಸೀಲ್ ಕಂಪನಿಯ ಎಂಡ್ಯೂರೆನ್ಸ್ ಇದಕ್ಕೆ ವಿರುದ್ಧವಾಗಿ ಹೆಚ್ಚು ಕಾಲ ಒಣಗದಿರಲೆಂದು ಮಾಡಿದ್ದು. ತಿಂಗಳಿಗೊಮ್ಮೆ ತಪ್ಪದೆ ಪರೀಕ್ಷಿಸುವವರು ನೀವಾದರೆ ರೋಡ್ ಟೈರಿಗೆ ಮೊದಲನೆಯ ಬಗೆಯದ್ದನ್ನು ಹಾಕಿ. ನನ್ನಂತೆ ಮರೆಯುವವರಾದರೆ ಎರಡಕ್ಕೂ ಎರಡನೆಯದೇ ಸಾಕು, ಏಕೆಂದರೆ ಒಣಗಿಹೋದ ಅತ್ಯುತ್ತಮ ಸೀಲಂಟಿಗಿಂತ ಒದ್ದೆಯಾಗಿರುವ ಸಾಧಾರಣ ಸೀಲಂಟ್ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಉತ್ತರ 2: ಮೇಲಿನವರು ಅಳತೆಯನ್ನು ಹೇಳಲಿಲ್ಲ. ನಾನು 28 ಮಿ.ಮೀ. ಟೈರಿಗೆ 40 ಮಿ.ಲೀ., 40 ಮಿ.ಮೀ. ಟೈರಿಗೆ 60ರಿಂದ 70 ಮಿ.ಲೀ. ಹಾಕುತ್ತೇನೆ, ಹೊಸ ಟೈರ್ ಮೊದಲ ಸಲ ಸ್ವಲ್ಪ ಹೀರಿಕೊಳ್ಳುವುದರಿಂದ ಆಗ ತುಸು ಹೆಚ್ಚು. ಡಬ್ಬಿಯನ್ನು ಚೆನ್ನಾಗಿ ಕುಲುಕದೆ ಸುರಿದರೆ ಹರಳುಗಳೆಲ್ಲ ತಳದಲ್ಲೇ ಉಳಿದು, ಟೈರಿಗೆ ಬರೀ ತಿಳಿ ಹೋಗುತ್ತದೆ. ಒಂದು ಸೀಲಂಟಿನ ಮೇಲೆ ಇನ್ನೊಂದನ್ನು ಸುರಿಯಲೂಬೇಡಿ. ಒಮ್ಮೆ ಉಳಿಕೆಯನ್ನು ಹಾಳು ಮಾಡುವುದೇಕೆಂದು ಹಾಗೆ ಮಾಡಿದ್ದೆ. ವಾರದ ನಂತರ ಟೈರ್ ಬಿಚ್ಚಿದಾಗ ಒಳಗೆ ಮೊಸರಿನಂತಹ ಗಂಟು ಮತ್ತು ನೀರು ಬೇರೆ ಬೇರೆಯಾಗಿ ಕುಳಿತಿದ್ದವು. ಬ್ರಾಂಡ್ ಬದಲಿಸುವುದಾದರೆ ಹಳೆಯದನ್ನು ತೊಳೆದು ಒರೆಸಿದ ಮೇಲೆಯೇ ಹೊಸದನ್ನು ಹಾಕಿ.

ಉತ್ತರ 3: ದಾರಿಯಲ್ಲಿ ಸಿ.ಒ.2 (ಇಂಗಾಲದ ಡೈಆಕ್ಸೈಡ್) ಕಾರ್ಟ್ರಿಡ್ಜ್‌ನಿಂದ ಗಾಳಿ ತುಂಬುವ ಅಭ್ಯಾಸವಿದ್ದರೆ ಡಬ್ಬಿಯ ಮೇಲಿನ ಸೂಚನೆಯನ್ನು ಓದಿಯೇ ಕೊಳ್ಳಿ, ಏಕೆಂದರೆ ಆ ಅನಿಲ ಕೆಲವು ಲೇಟೆಕ್ಸ್ ಸೀಲಂಟುಗಳನ್ನು ಒಳಗೇ ಹೆಪ್ಪುಗಟ್ಟಿಸುತ್ತದೆ. ಮನೆಯಲ್ಲಿ ಯಾರಿಗಾದರೂ ಲೇಟೆಕ್ಸ್ ಅಲರ್ಜಿ ಇದ್ದರೆ, ನೈಸರ್ಗಿಕ ಲೇಟೆಕ್ಸ್ ಇಲ್ಲದ ಸೀಲಂಟುಗಳೂ ಸಿಗುತ್ತವೆ.

ಆದರೆ ರೋಡ್ ಟೈರಿನ ವಿಷಯದಲ್ಲಿ ನಾನು ಮೊದಲ ಉತ್ತರವನ್ನು ಅರ್ಧವಷ್ಟೇ ಒಪ್ಪುತ್ತೇನೆ. ಕಾಯುವುದರಿಂದ ಮುಳ್ಳಿನ ತೂತು ಮುಚ್ಚುತ್ತದೆಯೇ ಹೊರತು, ಗಾಜು ಸೀಳಿದ ಗಾಯ ಯಾವ ಡಬ್ಬಿಗೂ ಜಗ್ಗಿದ್ದನ್ನು ನಾನು ನೋಡಿಲ್ಲ. ಎರಡು ನಿಮಿಷ ಕಾದರೂ ನಿಲ್ಲದಿದ್ದರೆ, ಟೈರ್ ಪೂರ್ತಿ ಮೆತ್ತಗಾಗುವ ಮೊದಲೇ ರಬ್ಬರ್ ಪ್ಲಗ್ ಚುಚ್ಚಿಬಿಡುತ್ತೇನೆ. ಗಾಳಿಯಿಲ್ಲದ ಟೈರಿಗೆ ಅದನ್ನು ತಳ್ಳುವುದು ಬಹಳ ಕಷ್ಟ. ಅದೂ ಸೋತರೆ ಚೀಲದಲ್ಲಿರುವ ಟ್ಯೂಬೇ ಗತಿ. ಅದನ್ನು ಹಾಕುವ ಮುನ್ನ ಟೈರಿನ ಒಳಮೈಯನ್ನು ಚಿಂದಿಬಟ್ಟೆಯಿಂದ ಸುತ್ತಲೂ ಒರೆಸಿ ನೋಡಿ, ಸೀಲಂಟ್ ಸದ್ದಿಲ್ಲದೆ ಮುಚ್ಚಿಟ್ಟಿದ್ದ ಹಳೆಯ ಮುಳ್ಳುಗಳೆಲ್ಲ ಅಲ್ಲಿಯೇ ನೆಟ್ಟಗೆ ನಿಂತಿರುತ್ತವೆ.