ಸಿಒಪಿಡಿ ಇರುವ ತಾಯಿಗೆ ಆರು ನಿಮಿಷದ ನಡಿಗೆ ಪರೀಕ್ಷೆ ಬೇಕೇ?

ಪ್ರಶ್ನೆ (ಮೂಡಿಗೆರೆಯಿಂದ)
ನಮ್ಮ ತಾಯಿಯವರಿಗೆ ಅರವತ್ತು ದಾಟಿದೆ. ಬೀಡಿ, ಸಿಗರೇಟು ಮುಟ್ಟಿದವರಲ್ಲ. ಆದರೆ ಚಿಕ್ಕಂದಿನಿಂದಲೂ ಸೌದೆ ಒಲೆಯ ಹೊಗೆಯಲ್ಲೇ ಅಡುಗೆ ಮಾಡಿದವರು. ಸ್ಪೈರೋಮೆಟ್ರಿ (ಯಂತ್ರಕ್ಕೆ ಊದುವ ಪರೀಕ್ಷೆ) ಮಾಡಿಸಿದ ಮೇಲೆ ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಎಂದು ತಿಳಿಯಿತು. ಕುಳಿತಿರುವಾಗ ರಕ್ತದ ಆಮ್ಲಜನಕದ ಮಟ್ಟ ಶೇ. 95 ಇರುತ್ತದೆ. ಆದರೆ ಕಾಫಿ ಕಣದಿಂದ ಮನೆಯವರೆಗಿನ ಏರು ಹತ್ತುವಷ್ಟರಲ್ಲಿ ಎರಡು ಕಡೆ ನಿಂತು, ಮೊಣಕಾಲಿಗೆ ಕೈಯೂರಿ ಸುಧಾರಿಸಿಕೊಳ್ಳುತ್ತಾರೆ. ಈಗ ಹಾಸನದ ವೈದ್ಯರು ನಡಿಗೆ ಪರೀಕ್ಷೆ ಬರೆದುಕೊಟ್ಟಿದ್ದಾರೆ. ಊದುವ ಪರೀಕ್ಷೆ ಆಗಿರುವಾಗ ಇದೇಕೆ? ಏದುಸಿರು ಬಿಡುವವರನ್ನು ನಡೆಸುವುದು ಅಪಾಯವಲ್ಲವೇ?

ಉತ್ತರ 1 (ಫಿಸಿಯೋಥೆರಪಿಸ್ಟ್, ಹಾಸನ)
ನಿಮ್ಮ ಆತಂಕ ಸಹಜವಾದದ್ದು, ಆದರೆ ದಯವಿಟ್ಟು ಪರೀಕ್ಷೆ ತಪ್ಪಿಸಬೇಡಿ. ಊದುವ ಪರೀಕ್ಷೆಯು ಶ್ವಾಸನಾಳ ಎಷ್ಟು ಕಿರಿದಾಗಿದೆ ಎಂದು ಹೇಳುತ್ತದೆಯೇ ಹೊರತು, ಆ ಏರಿನಲ್ಲಿ ತಾಯಿಯವರಿಗೆ ಏನಾಗುತ್ತಿದೆ ಎಂದು ಹೇಳುವುದಿಲ್ಲ. ಸಿಒಪಿಡಿಯಲ್ಲಿ ಬೇಗ ಬೇಗ ಉಸಿರಾಡುವಾಗ ಒಳಗೆಳೆದ ಗಾಳಿ ಪೂರ್ತಿ ಹೊರಬರುವ ಮೊದಲೇ ಮುಂದಿನ ಉಸಿರು ಶುರುವಾಗುವುದರಿಂದ, ಗಾಳಿ ಒಳಗೇ ಸಿಕ್ಕಿಕೊಂಡು ಎದೆ ಬಿಗಿಯುತ್ತದೆ. ಕುಳಿತಾಗ ಕಾಣದ ಈ ತೊಂದರೆ ನಡೆದಾಗ ಹೊರಬೀಳುತ್ತದೆ. ಸಾಮಾನ್ಯವಾಗಿ 30 ಮೀಟರ್ ಉದ್ದದ ಸಮತಟ್ಟಾದ ಮೊಗಸಾಲೆಯಲ್ಲಿ ಅವರು ಆರು ನಿಮಿಷ ತಮ್ಮದೇ ವೇಗದಲ್ಲಿ ಹೋಗಿ ಬರುತ್ತಾರೆ; ನಡೆದ ದೂರವನ್ನು ಅಳೆಯುತ್ತೇವೆ. ಬೇಕೆನಿಸಿದಾಗ ನಿಲ್ಲಬಹುದು, ಗೋಡೆಗೆ ಒರಗಬಹುದು. ಗಡಿಯಾರ ಮಾತ್ರ ನಿಲ್ಲುವುದಿಲ್ಲ. ಎದೆನೋವು ಬಂದರೆ, ತೂರಾಡಿದರೆ ಅಥವಾ ಆಮ್ಲಜನಕ 80ಕ್ಕಿಂತ ಕೆಳಗಿಳಿದರೆ ನಾವೇ ನಿಲ್ಲಿಸುತ್ತೇವೆ. ಇತ್ತೀಚೆಗೆ ಹೃದಯಾಘಾತವಾಗಿದ್ದರೆ ಮೊದಲೇ ತಿಳಿಸಿ. ಅಭ್ಯಾಸದಿಂದಲೇ ಎರಡನೆಯ ಸಲ ದೂರ ಹೆಚ್ಚುವುದರಿಂದ, ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ ನಡೆಸುವುದು ಸರಿಯಾದ ಕ್ರಮ. ವರದಿಯಲ್ಲಿ ದೂರವನ್ನಷ್ಟೇ ನೋಡದೆ, ನಡೆಯುವಾಗ ಆಮ್ಲಜನಕ ಇಳಿದ ಕನಿಷ್ಠ ಮಟ್ಟವನ್ನೂ ಕೇಳಿ ಪಡೆಯಿರಿ; ನನ್ನ ಮಟ್ಟಿಗೆ ಅದೇ ಹೆಚ್ಚು ಮುಖ್ಯ.

ಉತ್ತರ 2 (ಚಿಕ್ಕಮಗಳೂರು)
ನಮ್ಮ ತಂದೆಯವರಿಗೂ ಮಾಡಿಸಿದ್ದೇವೆ. ಇನ್‌ಹೇಲರ್ ಮತ್ತು ದಿನವೂ ಹಿಡಿಯುವ ಊರುಗೋಲು ಜೊತೆಗಿರಲಿ, ತಿಂಡಿ ಹಗುರವಾಗಿರಲಿ. ಬೆರಳಿಗೆ ಮದರಂಗಿ ಅಥವಾ ಉಗುರು ಬಣ್ಣವಿದ್ದರೆ, ಬೆರಳಿಗೆ ಸಿಕ್ಕಿಸಿ ಆಮ್ಲಜನಕ ಅಳೆಯುವ ಯಂತ್ರ ತಪ್ಪು ತೋರಿಸಬಹುದು. ಮಲೆನಾಡಿನ ಚಳಿಯಲ್ಲಿ ಕೈ ತಣ್ಣಗಾಗಿದ್ದರೂ ಹಾಗೆಯೇ. ಉಜ್ಜಿ ಬೆಚ್ಚಗೆ ಮಾಡಿಸಿ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಕೃತಜ್ಞತೆಗಳು. ನಡೆಯುವಾಗ ಮಟ್ಟ ಇಳಿದರೆ ಮನೆಗೆ ಆಕ್ಸಿಜನ್ ತರಬೇಕಾಗುತ್ತದೆಯೇ? ಶ್ವಾಸಕೋಶವಲ್ಲದೆ ಹೃದಯದ ತೊಂದರೆಯೂ ಇದ್ದರೆ ಗೊತ್ತಾಗುತ್ತದೆಯೇ?

ಉತ್ತರ 3 (ಶ್ವಾಸಕೋಶ ತಜ್ಞ)
ಇಳಿದ ಮಾತ್ರಕ್ಕೆ ತರಬೇಕೆಂದಿಲ್ಲ. 2016ರಲ್ಲಿ ಪ್ರಕಟವಾದ, 738 ಸಿಒಪಿಡಿ ರೋಗಿಗಳ ಅಮೆರಿಕದ ಅಧ್ಯಯನದಲ್ಲಿ, ವಿಶ್ರಾಂತಿಯಲ್ಲಿ ಅಥವಾ ನಡೆಯುವಾಗ ಮಟ್ಟ ಸಾಧಾರಣವಾಗಿ ಇಳಿಯುವವರಿಗೆ ಮನೆಯ ಆಕ್ಸಿಜನ್‌ನಿಂದ ಆಯುಷ್ಯ ಹೆಚ್ಚಿದ್ದು ಕಂಡುಬರಲಿಲ್ಲ. ವಿಶ್ರಾಂತಿಯಲ್ಲೇ 88 ಅಥವಾ ಅದಕ್ಕೂ ಕಡಿಮೆ ಇರುವವರ ವಿಷಯ ಬೇರೆ. ಹೃದಯವೋ ಶ್ವಾಸಕೋಶವೋ ಎಂದು ಬಿಡಿಸಿ ಹೇಳುವುದು ನಡಿಗೆ ಪರೀಕ್ಷೆಯ ಕೆಲಸವಲ್ಲ. ಅದಕ್ಕೆ ಮುಖಕ್ಕೆ ಮಾಸ್ಕ್ ಹಾಕಿ, ಇಸಿಜಿ ಜೋಡಿಸಿ, ಸೈಕಲ್ ತುಳಿಸುತ್ತಾ ಪ್ರತಿ ಉಸಿರನ್ನೂ ಅಳೆಯುವ ಪರೀಕ್ಷೆಯಿದೆ. ಮೊದಲು ನಡಿಗೆ ಪರೀಕ್ಷೆ ಆಗಲಿ. ಆ ದೂರದ ಆಧಾರದ ಮೇಲೆ ವ್ಯಾಯಾಮ ಚಿಕಿತ್ಸೆ ಆರಂಭಿಸಿ, ಎರಡು ತಿಂಗಳ ನಂತರ ಮತ್ತೆ ಅಳೆಸಿ. ಸುಮಾರು 30 ಮೀಟರ್ ಹೆಚ್ಚಿದ್ದರೂ ತಾಯಿಯವರಿಗೆ ನಿಜವಾಗಿ ಪ್ರಯೋಜನವಾಗಿದೆ ಎಂದೇ ಲೆಕ್ಕ.