ವಾಲಿ, ಬಾಹುಬಲಿ, ಏಸಾವ: ಅಣ್ಣತಮ್ಮಂದಿರ ಜಗಳ ಶುರುವಾಗುವುದು ಎಲ್ಲಿಂದ?

ತಾಳಮದ್ದಳೆ ಪ್ರಿಯ, ಉಡುಪಿ:
ಮೊನ್ನೆ ಶನಿವಾರ ರಾತ್ರಿ ನಮ್ಮೂರಿನ ದೇವಸ್ಥಾನದಲ್ಲಿ ವಾಲಿ ವಧೆಯ ತಾಳಮದ್ದಳೆ ಇತ್ತು, ವೇಷ ಕುಣಿತ ಇಲ್ಲದೆ ಹಾಡು ಮಾತಿನಲ್ಲೇ ನಡೆಯುವ ಯಕ್ಷಗಾನ. ಬಾಣ ತಗಲಿದ ಮೇಲೆ ವಾಲಿ ರಾಮನನ್ನು ಕೇಳುವ ಪ್ರಶ್ನೆಗಳನ್ನು ವಾಲಿಯಾಗಿ ಮಾತಾಡುವ ಅರ್ಥಧಾರಿ ಮುಕ್ಕಾಲು ಗಂಟೆ ಬೆಳೆಸಿದರು. ಮನೆಗೆ ಬಂದು ಮಲಗಿದರೂ ನಿದ್ದೆ ಬರಲಿಲ್ಲ.

ರಾಮ ಮರೆಯಲ್ಲಿ ನಿಂತು ಹೊಡೆದದ್ದು ಸರಿಯಾ ಅಂತ ಎಲ್ಲರೂ ವಾದ ಮಾಡುತ್ತಾರೆ. ನನ್ನನ್ನು ಕಾಡುವುದು ಅದಕ್ಕಿಂತ ಹಿಂದಿನ ವಿಷಯ. ಮಾಯಾವಿ ಎಂಬ ಅಸುರನನ್ನು ಅಟ್ಟಿಸಿಕೊಂಡು ವಾಲಿ ಗುಹೆಯೊಳಗೆ ಹೋದ. ಸುಗ್ರೀವ ಬಾಗಿಲಲ್ಲೇ ಒಂದು ವರ್ಷ ಕಾದ. ಕೊನೆಗೆ ನೊರೆ ರಕ್ತ ಹರಿದು ಬಂತು. ಅಸುರರ ಆರ್ಭಟ ಕೇಳಿಸಿತು, ಅಣ್ಣನ ಸ್ವರ ಕೇಳಿಸಲಿಲ್ಲ. ಅಣ್ಣ ಸತ್ತ ಅಂತಲೇ ತಿಳಿದು ಬಾಗಿಲಿಗೆ ಬಂಡೆ ಅಡ್ಡ ಇಟ್ಟು ಊರಿಗೆ ಬಂದ. ಮಂತ್ರಿಗಳು ಪಟ್ಟ ಕಟ್ಟಿದರು. ಅಷ್ಟರಲ್ಲಿ ವಾಲಿ ವಾಪಸ್ ಬಂದ. ತಮ್ಮ ಕಾಲಿಗೆ ಬಿದ್ದರೂ ಅವನು ಕೇಳಲಿಲ್ಲ.

ಇದರಲ್ಲಿ ಕೆಟ್ಟವರು ಯಾರು? ನನಗೆ ಇಬ್ಬರಲ್ಲೂ ಕಾಣುವುದಿಲ್ಲ. ಇವರದ್ದು ಹುಟ್ಟಿನಿಂದ ಬಂದ ಹಗೆ ಅಲ್ಲ. ನಡುವೆ ಒಂದು ಬಂಡೆ ಬಂತು, ಅಷ್ಟೇ. ಬೇರೆ ಕಥೆಗಳಲ್ಲೂ ಹೀಗೇ ಅಂತ ನನ್ನ ವಾದ. ನೀವೆಂತ ಹೇಳುತ್ತೀರಿ?

ಅಡಿಕೆ ತೋಟ, ಪುತ್ತೂರು:
ಬಂಡೆ ಅಲ್ಲ ಮಾರಾಯ್ರೆ, ಆಸ್ತಿ. ಸುಗ್ರೀವ ಬಂಡೆ ಇಟ್ಟದ್ದಕ್ಕೆ ವಾಲಿಗೆ ಅಷ್ಟು ಸಿಟ್ಟು ಬಂದಿರಲಿಕ್ಕಿಲ್ಲ. ತನ್ನ ಸಿಂಹಾಸನದ ಮೇಲೆ ತಮ್ಮ ಕೂತದ್ದನ್ನು ಕಣ್ಣಾರೆ ನೋಡಿದನಲ್ಲ, ಅದಕ್ಕೆ ಬಂತು. ಮಹಾಭಾರತ ತೆಗೆದುಕೊಳ್ಳಿ. ಐದು ಊರು ಕೊಡು ಅಂದರೆ ದುರ್ಯೋಧನ ಸೂಜಿಯ ಮೊನೆಯಷ್ಟು ನೆಲ ಕೊಡುವುದಿಲ್ಲ ಅಂದ. ನಮ್ಮ ಮನೆಯಲ್ಲೂ ಪಾಲಾಗುವಾಗ ಜಗಳ ಬಂದದ್ದು ಕೆರೆಯ ನೀರಿಗೆ. ಅಲ್ಲಿಯವರೆಗೆ ಅಣ್ಣ ನಾನು ಒಂದೇ ಬಟ್ಟಲಲ್ಲಿ ಉಂಡವರು.

ಮಂಗಳೂರಿನ ಟೀಚರ್:
ಹಾಗಾದರೆ ಕಾಯಿನ ಮತ್ತು ಹೇಬೆಲ? ಬೈಬಲಿನ ಮೊದಲ ಅಣ್ಣತಮ್ಮಂದಿರು ಅವರು. ಇಡೀ ಭೂಮಿ ಖಾಲಿ ಇತ್ತು, ಪಾಲಿನ ಪ್ರಶ್ನೆಯೇ ಇರಲಿಲ್ಲ. ಕಾಯಿನ ಬೇಸಾಯ ಮಾಡುವವನು, ಹೇಬೆಲ ಕುರಿ ಕಾಯುವವನು. ಇಬ್ಬರೂ ಕಾಣಿಕೆ ತಂದರು. ದೇವರು ತಮ್ಮನದ್ದನ್ನು ಮೆಚ್ಚಿದರು, ಅಣ್ಣನದ್ದನ್ನು ಮೆಚ್ಚಲಿಲ್ಲ. ಅದೇ ಸಿಟ್ಟಿಗೆ ಅಣ್ಣ ತಮ್ಮನನ್ನು ಕೊಂದ. ಯಾಕೆ ಮೆಚ್ಚಲಿಲ್ಲ ಅಂತ ಬೈಬಲಿನ ಮೊದಲ ಪುಸ್ತಕ ಆದಿಕಾಂಡದಲ್ಲಿ ನೇರವಾಗಿ ಹೇಳಿಲ್ಲ. ಚರ್ಚಿನಲ್ಲಿ ಮಕ್ಕಳಿಗೆ ಈ ಪಾಠ ಮಾಡುವಾಗ ಪ್ರತಿ ವರ್ಷ ಯಾರಾದರೂ ಒಬ್ಬ ಕೈ ಎತ್ತುತ್ತಾನೆ. ‘ಟೀಚರ್, ಕಾಯಿನನದ್ದು ಯಾಕೆ ಬೇಡ ಅಂದದ್ದು?’ ಕೇಳುವವನು ಮನೆಯಲ್ಲಿ ದೊಡ್ಡ ಮಗ ಅಂತ ನನಗೆ ಕೂಡಲೇ ಗೊತ್ತಾಗುತ್ತದೆ.

ಮುಂದೆ ನೋಡಿ. ಅಪ್ಪ ಇಸಾಕನಿಗೆ ದೊಡ್ಡ ಮಗ ಏಸಾವ ಇಷ್ಟ, ಅವನು ತರುವ ಬೇಟೆಯ ಮಾಂಸದ ರುಚಿಗೆ. ಅಮ್ಮ ರೆಬೆಕ್ಕಳಿಗೆ ಸಣ್ಣವ ಯಾಕೋಬ ಇಷ್ಟ. ಅದೇ ಯಾಕೋಬ ಅಪ್ಪನಾದ ಮೇಲೆ ಯೋಸೇಫನೊಬ್ಬನಿಗೆ ಮಾತ್ರ ವಿಶೇಷ ಅಂಗಿ ಹೊಲಿಸಿದ. ತಕ್ಕಡಿ ಹಿಡಿದದ್ದು ಹಿರಿಯರು. ಮಕ್ಕಳು ಅದರ ತಟ್ಟೆಯಲ್ಲಿ ಕೂತವರು, ಅಷ್ಟೇ.

ಉಳ್ಳಾಲದಿಂದ:
ಟೀಚರ್, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಇದನ್ನು ನಾನು ಒಪ್ಪುವುದಿಲ್ಲ. ನೀವು ಹೇಳಿದ ಯೋಸೇಫನ ಕಥೆ ಕುರ್‌ಆನಿನಲ್ಲೂ ಯೂಸುಫರ ಕಥೆಯಾಗಿ ಉಂಟು. ‘ಅಪ್ಪನಿಗೆ ನಮಗಿಂತ ಯೂಸುಫ್ ಮತ್ತು ಅವನ ತಮ್ಮನೇ ಹೆಚ್ಚು’ ಅಂತ ಅಣ್ಣಂದಿರು ಹೇಳುತ್ತಾರೆ. ಅದು ಅವರ ಲೆಕ್ಕ. ಅಪ್ಪನ ಪ್ರೀತಿ ಹೆಚ್ಚು ಕಡಿಮೆ ಆಯಿತು ಅಂತ ತಮ್ಮನನ್ನು ಬಾವಿಗೆ ಹಾಕಿದರೆ ಆ ತಪ್ಪು ಅಪ್ಪನ ತಲೆಗೆ ಬರುತ್ತದಾ?

ಕಾಯಿನ ಹೇಬೆಲರ ಕಥೆಯೂ ಅಲ್ಲಿ ಆದಮರ ಮಕ್ಕಳ ಕಥೆಯಾಗಿ ಬರುತ್ತದೆ. ಅದರಲ್ಲಿ ನನಗೆ ತುಂಬ ಇಷ್ಟವಾದ ಮಾತು ಸಣ್ಣವನದ್ದು. ನೀನು ನನ್ನನ್ನು ಕೊಲ್ಲಲು ಕೈ ಚಾಚಿದರೂ ನಾನು ನಿನ್ನ ಕಡೆ ಕೈ ಚಾಚುವುದಿಲ್ಲ ಅನ್ನುತ್ತಾನೆ. ಕೊಂದ ಮೇಲೆ ಅಣ್ಣನಿಗೆ ಹೆಣವನ್ನು ಎಂತ ಮಾಡಬೇಕು ಅಂತಲೂ ಗೊತ್ತಿಲ್ಲ. ಒಂದು ಕಾಗೆ ಬಂದು ನೆಲ ಕೆದಕಿ ತೋರಿಸುತ್ತದೆ. ಈ ಕಾಗೆಯಷ್ಟೂ ಆಗಲಿಲ್ಲವಲ್ಲ ನಾನು ಅಂತ ಅವನು ಮರುಗುತ್ತಾನೆ. ಸಣ್ಣವನಿದ್ದಾಗ ಮದರಸದಲ್ಲಿ ಇದನ್ನು ಕೇಳಿ ಅತ್ತಿದ್ದೆ. ಕೈ ಎತ್ತುವುದು, ಬಿಡುವುದು ಅವರವರ ಕೈಯಲ್ಲೇ ಇದೆ.

ಮೂಡುಬಿದಿರೆ ಹುಡುಗ:
ಅಣ್ಣ, ನೀವು ಕೈ ಎತ್ತುವ ಮಾತು ಹೇಳಿದ್ದಕ್ಕೆ ಬಾಹುಬಲಿ ನೆನಪಾದ. ಇಲ್ಲಿ ಟೀಚರ್ ಹೇಳಿದ ತಕ್ಕಡಿ ಇಲ್ಲ. ಅಪ್ಪ ವೃಷಭನಾಥ ತೀರ್ಥಂಕರರು ಸರಿಯಾಗಿಯೇ ಹಂಚಿದ್ದರು. ಭರತನಿಗೆ ಅಯೋಧ್ಯೆ, ಬಾಹುಬಲಿಗೆ ಪೌದನಪುರ. ಆದರೂ ದಿಗ್ವಿಜಯ ಮುಗಿಸಿ ಬಂದ ಭರತನ ಚಕ್ರ ಊರ ಬಾಗಿಲಲ್ಲಿ ನಿಂತುಬಿಟ್ಟಿತು. ತಮ್ಮ ಬಗ್ಗಿಲ್ಲ ಅಂತ.

941ರಲ್ಲಿ ಪಂಪ ಬರೆದ ಆದಿಪುರಾಣದಲ್ಲಿ ಅಣ್ಣತಮ್ಮ ಮೂರು ಯುದ್ಧ ಮಾಡುತ್ತಾರೆ. ದೃಷ್ಟಿ, ಜಲ, ಮಲ್ಲ. ಮೂರರಲ್ಲೂ ತಮ್ಮನೇ ಗೆಲ್ಲುತ್ತಾನೆ. ಮಲ್ಲಯುದ್ಧದಲ್ಲಿ ಅಣ್ಣನನ್ನು ಎತ್ತಿದವನು ನೆಲಕ್ಕೆ ಅಪ್ಪಳಿಸದೆ ಮೆಲ್ಲನೆ ಇಳಿಸುತ್ತಾನೆ. 1432ರಲ್ಲಿ ವೀರಪಾಂಡ್ಯ ಕಾರ್ಕಳದಲ್ಲಿ ನಿಲ್ಲಿಸಿದ 42 ಅಡಿಯ ಮೂರ್ತಿಯ ಎದುರು ನಿಂತಾಗಲೆಲ್ಲ ನಾನು ನೋಡುವುದು ಆ ಕೈಗಳನ್ನು. ಎತ್ತಿ ಇಳಿಸಿದ ಕೈ ಅವು.

ಇನ್ನೊಂದು ವಿಷಯ. ನಮ್ಮೂರಿನ ರತ್ನಾಕರವರ್ಣಿ 16ನೇ ಶತಮಾನದಲ್ಲಿ ಇದೇ ಕಥೆಯನ್ನು ‘ಭರತೇಶ ವೈಭವ’ದಲ್ಲಿ ಹೇಳುವಾಗ ಯುದ್ಧವನ್ನೇ ತೆಗೆದುಬಿಟ್ಟ. ಅಲ್ಲಿ ಭರತ ತಮ್ಮನನ್ನು ಗೆಲ್ಲುವುದು ಒಳ್ಳೆಯ ಮಾತಿನಿಂದ.

ಅಡಿಕೆ ತೋಟ, ಪುತ್ತೂರು:
ಅದು ಸುಮ್ನೆ ಕವಿಯ ಆಸೆ. ಮಾತಿನಲ್ಲಿ ಮುಗಿಯುವುದಾದರೆ ಕೋರ್ಟುಗಳಲ್ಲಿ ಇಷ್ಟು ಪಾಲಿನ ಕೇಸು ಯಾಕೆ ಇರುತ್ತಿತ್ತು? ನನಗೆ ಪಂಪನೇ ನಿಜ. ಕೈ ಮೇಲೆ ಹೋಗಬೇಕು. ಆಗಲೇ ತಾನು ಎಂತ ಮಾಡಹೊರಟೆ ಅಂತ ಮನುಷ್ಯನಿಗೆ ಗೊತ್ತಾಗುವುದು.

ಮೂಡುಬಿದಿರೆ ಹುಡುಗ:
ಸರ್, ಆಸೆ ಅಂತಲೇ ಇಟ್ಟುಕೊಳ್ಳಿ. ಎಲ್ಲರಿಗೂ ಗೊತ್ತಿದ್ದ ಕಥೆಯನ್ನು ಒಬ್ಬ ಕವಿ ಧೈರ್ಯ ಮಾಡಿ ತಿರುಗಿಸಿದ. ಅಣ್ಣತಮ್ಮ ಹೊಡೆದಾಡಲೇಬೇಕು ಅಂತ ಇಲ್ಲ ಅಂತ ಅವನಿಗೆ ಅನಿಸಿದ್ದೇ ನನಗೆ ದೊಡ್ಡದು.

ಪಡುಬಿದ್ರಿ ಅಕ್ಕ:
ನೀವೆಲ್ಲ ದೂರದ ಕಥೆ ಹೇಳಿದಿರಿ. ನಮ್ಮ ತುಳುನಾಡಿನ ಅವಳಿ ವೀರರು ಕೋಟಿ ಚೆನ್ನಯರನ್ನು ಮರೆತಿರಾ? ಅವರ ಕಥೆ ಹೇಳುವ ತುಳು ಹಾಡು ಪಾಡ್ದನದುದ್ದಕ್ಕೂ ಹುಡುಕಿದರೂ ಅವರ ನಡುವೆ ಬಿರುಕು ಸಿಗುವುದಿಲ್ಲ. ಕೋಟಿ ಬಿದ್ದ ಮೇಲೆ ಚೆನ್ನಯನೂ ಉಳಿಯಲಿಲ್ಲ. ಪುತ್ತೂರಿನವರು ಆಸ್ತಿ ಅಂದರಲ್ಲ, ಆ ಮಾತಿಗೂ ಇಲ್ಲಿ ಬಲ ಉಂಟು. ತುಳುನಾಡಿನ ಅಳಿಯಸಂತಾನದಲ್ಲಿ ಗಂಡಸಿನ ಪಾಲು ಅವನ ಮಕ್ಕಳಿಗೆ ಹೋಗುತ್ತಿರಲಿಲ್ಲ. ಮನೆ ನಡೆಯುತ್ತಿದ್ದದ್ದು ಅಕ್ಕತಂಗಿಯರ ಸಂತಾನದಲ್ಲಿ. ಹಾಗಂತ ಆ ಮನೆಗಳಲ್ಲಿ ಜಗಳವೇ ಇರಲಿಲ್ಲ ಅನ್ನುವುದಿಲ್ಲ. ಅದು ಮಾವ ಅಳಿಯನ ನಡುವೆ ಬರುತ್ತಿತ್ತು.

ಇನ್ನೊಂದು ಮಾತು. ಯಾರೂ ವಾಲಿಯ ಹೆಂಡತಿ ತಾರೆಯ ಹೆಸರೇ ಎತ್ತಲಿಲ್ಲ. ಸುಗ್ರೀವ ಎರಡನೇ ಸಲ ಬಂದು ಕರೆದಾಗ ಅವಳು ವಾಲಿಯನ್ನು ತಡೆದಳು. ಹೋಗಬೇಡ, ತಮ್ಮನಿಗೆ ಯುವರಾಜನ ಪಟ್ಟ ಕಟ್ಟು, ಅವನನ್ನು ಹತ್ತಿರ ಇಟ್ಟುಕೋ ಅಂದಳು. ಉಡುಪಿಯವರು ಹೇಳಿದ ಬಂಡೆಯನ್ನು ಸರಿಸಲು ನೋಡಿದವಳು ಅವಳೊಬ್ಬಳೇ. ವಾಲಿ ಕೇಳಲಿಲ್ಲ.

ತಾಳಮದ್ದಳೆ ಪ್ರಿಯ, ಉಡುಪಿ:
ಅಕ್ಕಾ, ನಿಮ್ಮ ಮಾತು ಓದಿ ನನ್ನ ವಾದ ಸ್ವಲ್ಪ ಬದಲಾಯಿತು. ಬಂಡೆ ತಾನಾಗಿ ಬಂದಿರಬಹುದು. ಅಲ್ಲೇ ಇರಲಿ ಅಂತ ಬಿಟ್ಟದ್ದು ವಾಲಿ.

ಆದರೆ ವಾಲ್ಮೀಕಿಯಲ್ಲಿ ಒಂದು ಜಾಗ ಉಂಟು. ವಾಲಿ ಸತ್ತ ಮೇಲೆ ಸುಗ್ರೀವ ಬಿಕ್ಕಿ ಬಿಕ್ಕಿ ಅಳುತ್ತಾನೆ. ಅಣ್ಣ ನನ್ನನ್ನು ಕೊಲ್ಲಬಹುದಿತ್ತು, ಕೊಲ್ಲಲಿಲ್ಲ, ಮರದ ಕೊಂಬೆಯಲ್ಲಿ ಹೊಡೆದು ‘ಹೋಗು, ಇನ್ನು ಹೀಗೆ ಮಾಡಬೇಡ’ ಅಂತ ಬಿಟ್ಟ, ನಾನು ಮಾತ್ರ ಕೊಲ್ಲಿಸಿದೆ ಅನ್ನುತ್ತಾನೆ. ತಾನೂ ಬೆಂಕಿಗೆ ಬೀಳುತ್ತೇನೆ ಅನ್ನುತ್ತಾನೆ. ಮೊನ್ನೆ ಕೂಟದಲ್ಲಿ ಈ ಭಾಗ ಎರಡೇ ನಿಮಿಷದಲ್ಲಿ ಮುಗಿಯಿತು. ರಾಮ ವಾಲಿ ಸಂವಾದಕ್ಕೆ ಕೊಟ್ಟಷ್ಟು ಹೊತ್ತು ಇದಕ್ಕೂ ಕೊಡಬೇಕಿತ್ತು ಅಂತ ನನ್ನ ಬೇಸರ.

ಮಂಗಳೂರಿನ ಟೀಚರ್:
ಇಲ್ಲಿ ತಮ್ಮ ಅತ್ತದ್ದು ಅಣ್ಣ ಹೋದ ಮೇಲೆ. ಏಸಾವನ ಕಥೆಯಲ್ಲಿ ಅಷ್ಟು ತಡವಾಗಲಿಲ್ಲ. ಅಣ್ಣನಿಗೆ ಸಿಗಬೇಕಾದ ಅಪ್ಪನ ಆಶೀರ್ವಾದ ಕದ್ದು ಓಡಿಹೋಗಿದ್ದ ಯಾಕೋಬ ಹೆದರಿಕೊಂಡು ಮರಳಿ ಬರುತ್ತಾನೆ. ಮುಂದೆ ಕಾಣಿಕೆಯ ಮಂದೆಗಳನ್ನು ಕಳಿಸುತ್ತಾನೆ. ಹತ್ತಿರ ಬರುತ್ತ ಏಳು ಸಲ ನೆಲಕ್ಕೆ ಬಾಗುತ್ತಾನೆ. ಏಸಾವ ಓಡಿ ಬಂದು ಕುತ್ತಿಗೆ ತಬ್ಬುತ್ತಾನೆ. ಇಬ್ಬರೂ ಅಳುತ್ತಾರೆ. ‘ನನಗೆ ಬೇಕಾದಷ್ಟು ಉಂಟು ತಮ್ಮಾ, ನಿನ್ನದು ನಿನಗೇ ಇರಲಿ’ ಅನ್ನುತ್ತಾನೆ ಅಣ್ಣ. ಅಪ್ಪ ಅಮ್ಮ ಹಿಡಿದ ತಕ್ಕಡಿಯನ್ನು ಅವನೇ ಕೆಳಗಿಟ್ಟ. ಉಳ್ಳಾಲದವರೇ, ಇಷ್ಟರ ಮಟ್ಟಿಗೆ ನಿಮ್ಮ ಮಾತು ಒಪ್ಪಿದೆ.

ಅಡಿಕೆ ತೋಟ, ಪುತ್ತೂರು:
ಟೀಚರ್, ಎಷ್ಟು ವರ್ಷ ಆಗಿತ್ತು ಅವರು ದೂರ ಆಗಿ?

ಮಂಗಳೂರಿನ ಟೀಚರ್:
20 ವರ್ಷ. ಅಷ್ಟೂ ವರ್ಷ ಯಾಕೋಬ ಸೋದರಮಾವ ಲಾಬಾನನ ಮನೆಯಲ್ಲಿ ಕುರಿ ಕಾಯುತ್ತಿದ್ದ.

ಅಡಿಕೆ ತೋಟ, ಪುತ್ತೂರು:
ನಮ್ಮದು 11 ಆಯಿತು. ಅಣ್ಣನ ಗೇಟು ನಮ್ಮ ಅಂಗಳದಿಂದ ಕಾಣುತ್ತದೆ.