ಓದುಗರ ಸ್ಪಂದನ: ಕೊಟ್ಟವನೇ ತೆಗೆದುಕೊಂಡಾಗ

(ಹಸುಗೂಸನ್ನು ಕಳೆದುಕೊಂಡ ಸಹೋದರಿಯೊಬ್ಬರು, “ಯೆಹೋವನೇ ಕೊಟ್ಟನು, ಯೆಹೋವನೇ ತೆಗೆದುಕೊಂಡನು” ಎಂಬ ಸಾಂತ್ವನವನ್ನು ಕೇಳಿದಾಗಲೆಲ್ಲ ತಮಗೆ ದೇವರ ಮೇಲೆ ಸಿಟ್ಟು ಬರುತ್ತದೆ, ಇದು ಅವಿಶ್ವಾಸವೇ ಎಂದು ಕೇಳಿದ್ದರು.)

ಸಹೋದರಿ, ಆ ಮಾತು ಬೈಬಲಿನ ಯೋಬನದೇ ಹೌದು. ಆದರೆ ಹತ್ತು ಮಕ್ಕಳನ್ನು ಒಂದೇ ದಿನ ಕಳೆದುಕೊಂಡ ತಂದೆ ಅದನ್ನು ತನ್ನ ದುಃಖಕ್ಕೆ ತಾನೇ ಹೇಳಿಕೊಂಡನೇ ಹೊರತು, ಇನ್ನೊಬ್ಬರ ಸಾವಿನ ಮನೆಗೆ ಹೋಗಿ ಉಪದೇಶಿಸಲಿಲ್ಲ. ಅದೇ ಯೋಬನು ತನ್ನ ಹೆಸರಿನ ಗ್ರಂಥದ ಮೂರನೆಯ ಅಧ್ಯಾಯದಲ್ಲಿ ತಾನು ಹುಟ್ಟಿದ ದಿನವನ್ನು ಶಪಿಸುತ್ತಾನೆ, ಮುಂದೆ ದೇವರೊಡನೆ ವ್ಯಾಜ್ಯಕ್ಕೂ ನಿಲ್ಲುತ್ತಾನೆ. ಬಿರುಗಾಳಿಯೊಳಗಿಂದ ದೇವರು ಅವನನ್ನು ಪ್ರಶ್ನಿಸಿದ್ದುಂಟು. ಆದರೂ ಕೊನೆಗೆ ದೇವರ ಕೋಪ ಉರಿದದ್ದು, ದೇವರ ಪರವಾಗಿ ವಾದಿಸಿದ ಎಲೀಫಜ ಮತ್ತು ಅವನ ಇಬ್ಬರು ಗೆಳೆಯರ ಮೇಲೆ (ಯೋಬ 42:7). ಆ ಗೆಳೆಯರು ಏಳು ದಿನ ಮಾತಿಲ್ಲದೆ ಅವನೊಡನೆ ನೆಲದ ಮೇಲೆ ಕುಳಿತಿದ್ದಾಗ ಸರಿಯಾಗಿಯೇ ಇದ್ದರು. ಕೆಟ್ಟದ್ದು ಬಾಯಿ ತೆರೆದ ಮೇಲೆ.
— ನಿವೃತ್ತ ಶಿಕ್ಷಕರು

ಸಿಟ್ಟು ಬರಲಿ, ಆದರೆ ಅದಕ್ಕಾಗಿ ದೇವರ ಸಾರ್ವಭೌಮತ್ವವನ್ನೇ ಕೈಬಿಡಬೇಕಾಗಿಲ್ಲ. ಮೇಲನ್ನೂ ಕೇಡನ್ನೂ ಉಂಟುಮಾಡುವವನು ತಾನೇ ಎಂದು ಯೆಶಾಯ 45:7ರಲ್ಲಿ ದೇವರು ಹೇಳುವಾಗ, ‘ಕೇಡು’ ಎಂಬುದಕ್ಕಿರುವ ಹೀಬ್ರೂ ಪದ ‘ರ’ ದುಷ್ಟತನಕ್ಕೂ ವಿಪತ್ತಿಗೂ ಸಲ್ಲುತ್ತದೆ. ಅಲ್ಲಿ ಅದು ‘ಶಾಲೋಮ್’, ಅಂದರೆ ಸಮಾಧಾನ, ಕ್ಷೇಮ, ಎಂಬುದಕ್ಕೆ ಎದುರಾಗಿ ಬಂದಿರುವುದರಿಂದ, ವಿಪತ್ತು ಎಂಬ ಅರ್ಥವೇ ಹೊಂದುತ್ತದೆ. ಇನ್ನು ಯೆರೂಸಲೇಮಿನ ಪತನಕ್ಕಾಗಿ ಅಳುವ ಪ್ರಲಾಪಗಳು ಗ್ರಂಥದ ಮೂರನೆಯ ಅಧ್ಯಾಯವನ್ನು ದಯವಿಟ್ಟು ನಿಧಾನವಾಗಿ ಓದಿರಿ. ಹೀಬ್ರೂ ಅಕ್ಷರಮಾಲೆಯ 22 ಅಕ್ಷರಗಳಿಗೆ ತಲಾ ಮೂರು ವಚನಗಳಂತೆ ಹೆಣೆದ 66 ವಚನಗಳ ಆ ಪದ್ಯದಲ್ಲಿ, ಒಳಿತೂ ಕೆಡುಕೂ ಮಹೋನ್ನತನ ಬಾಯಿಂದಲೇ ಹೊರಡುತ್ತವೆ ಎಂದು 38ನೆಯ ವಚನ ಒಪ್ಪಿಕೊಳ್ಳುತ್ತದೆ. ಆದರೆ ಅದಕ್ಕೂ ಮೊದಲೇ, ಸರಿಯಾಗಿ ನಡುವೆ ಬರುವ 33ನೆಯ ವಚನ, ಆತನು ಮನುಷ್ಯರನ್ನು ಮನಸಾರೆ ನೋಯಿಸುವುದಿಲ್ಲ ಎಂದಿದೆ. ಮೂಲದಲ್ಲಿರುವುದು ‘ತನ್ನ ಹೃದಯದಿಂದ’ ಎಂಬ ಮಾತೇ. ಕೈ ಆತನದು, ಮನಸ್ಸು ಅದರಲ್ಲಿಲ್ಲ ಎನ್ನುವ ಈ ಬಿಕ್ಕಟ್ಟನ್ನು ಕವಿ ಬಿಡಿಸುವುದಿಲ್ಲ, ನನಗೂ ಬಿಡಿಸಲು ಬಂದಿಲ್ಲ.
— ವೇದಾಧ್ಯಯನದ ಹವ್ಯಾಸಿ

ಅಮ್ಮಾ, ಬೈಬಲಿನ ರೂತಳ ಗ್ರಂಥದಲ್ಲಿ ಗಂಡನನ್ನೂ ಇಬ್ಬರು ಮಕ್ಕಳನ್ನೂ ಮಣ್ಣು ಮಾಡಿ ಬೆತ್ಲೆಹೇಮಿಗೆ ಮರಳಿದ ನೊವೊಮಿ, ತನ್ನನ್ನು ‘ಮಾರಾ’, ಅಂದರೆ ಕಹಿ, ಎಂದು ಕರೆಯಿರಿ, ಸರ್ವಶಕ್ತನೇ ತನಗೆ ಹೀಗೆ ಮಾಡಿದನು ಎಂದು ಊರ ಹೆಂಗಸರ ಎದುರಿಗೇ ಹೇಳಿದಳು; ಅವಳನ್ನು ಯಾರೂ ತಿದ್ದಿದ ಹಾಗೆ ಬರೆದಿಲ್ಲ. ನನ್ನ ಯಜಮಾನರು ತೀರಿಕೊಂಡ ವರ್ಷ ಆರಾಧನೆಯಲ್ಲಿ ಎಲ್ಲರೂ ಎದ್ದು ಸ್ತುತಿ ಹಾಡುವಾಗ ನಾನು ಕುಳಿತೇ ಇದ್ದು, ಕತ್ತಲೆ ಎಂಬ ಪದದಲ್ಲೇ ಮುಗಿಯುವ 88ನೆಯ ಕೀರ್ತನೆಯನ್ನು ಸಾಲಿನ ಮೇಲೆ ಬೆರಳಿಟ್ಟು ಓದುತ್ತಿದ್ದೆ.
— ಒಬ್ಬ ಓದುಗಿ